ಒಂಬತ್ತು ಪುಟ

ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ
ಪುಟಕ್ಕೆ ಎರಡು ರೂಪಾಯಿ. ಹುಡುಗರು ಮೂವತ್ತೆಂಟು.
ಇಪ್ಪತ್ತಾರು ಪುಟದ ಒಳ್ಳೆಯ ಪ್ರಬಂಧವೊಂದು
ಅಲ್ಲಿಗೇ ಬಿದ್ದುಹೋಯಿತು.

ಉಳಿದದ್ದು ಮೂರು.
ಮರೆವಿನ ಬಗ್ಗೆ ಒಂದು: ಚೆಂದ, ಆದರೆ ಐದನೇ ಪುಟದಿಂದ
ಬರೀ ಸಂಖ್ಯೆಗಳ ಮುಳ್ಳುಬೇಲಿ.
ಇನ್ನೊಂದು ತೀರಾ ಸಲೀಸು, ಪಠ್ಯಪುಸ್ತಕದ ಹಾಗೆ
ಎಲ್ಲ ಗೊತ್ತಿದ್ದವರ ದನಿ.
ಮತ್ತೊಂದು ಭಯದ್ದು. ಒಂಬತ್ತೇ ಪುಟ.
ಕೊನೆಯ ಪುಟದಲ್ಲಿ ನಾಲ್ಕು ಸಲ ‘ಬಹುಶಃ’.
ಅದಕ್ಕೇ ಸೋತೆ.

‘ವಿಧಾನ’ದ ಎರಡು ಪುಟ ತೆಗೆದುಬಿಡಿ, ಯಾರು ಓದುತ್ತಾರೆ
ಅಂದರು ಇತಿಹಾಸದ ಮುದ್ದಯ್ಯ ಸರ್.
ತೆಗೆಯಲಿಲ್ಲ. ಅಡುಗೆಯವರು ಕೈ ತೊಳೆದರೋ ಇಲ್ಲವೋ
ಉಣ್ಣುವವರು ನೋಡಬೇಕಲ್ಲ.

ಸೋಮವಾರ, ಎರಡನೇ ಪೀರಿಯಡ್.
ನಲವತ್ತು ಜನ, ಕತ್ತಲ ಕೋಣೆ, ಪರದೆಯ ಮೇಲೆ
ಹಾವು, ಜೇಡ, ಆನೆ, ತಲಾ ಆರು ಸೆಕೆಂಡು,
ಬೆರಳಿಗೆ ಬೆವರಳೆಯುವ ತಂತಿ.
ಒಂದೇ ನಿಘಂಟು ಕೈಯಿಂದ ಕೈಗೆ ದಾಟುತ್ತ
ಊಟದ ಬೆಲ್ಲಿನವರೆಗೆ ತೆವಳಿದೆವು.

ಆಗ ತಿತಿಮತಿ ಬಸ್ಸಿನ ಸುಗುಣ,
ಜೂನಿನಿಂದ ಬಾಯಿ ಬಿಡದವಳು:
“ಮೇಡಂ, ಫೋಟೋದ ಆನೆಗೆ ವಾಸನೆ ಇಲ್ವಲ್ಲ?
ನಮಗೆ ಮೊದಲು ಬರುದು ಮೂಗಿಗೆ. ಮತ್ತೆ ಕೊಂಬೆ ಮುರಿದ ಸದ್ದು.
ಕಣ್ಣಿಗೆ ಬಿದ್ದ ಮೇಲೆ
ಹೆದರ್ಲಿಕ್ಕೆ ಪುರ್ಸೊತ್ತೇ ಇರುದಿಲ್ಲ.”

ಯಾರೋ ನಕ್ಕರು. ಆಮೇಲೆ ನಗಲಿಲ್ಲ.
ದೇಚಮ್ಮ ‘ವಿಧಾನ’ಕ್ಕೆ ಪುಟ ಹಿಂದೆ ಮಗುಚಿದಳು,
ಆ ನಲವತ್ತು ಜನ ಎಲ್ಲಿಯವರೆಂದು
ಬೆರಳಿಟ್ಟು ಹುಡುಕಿದಳು.
ಬರೆದಿರಲಿಲ್ಲ.

ನನ್ನ ಪ್ರತಿಯ ಅಂಚಿನಲ್ಲಿ ‘ವಾಸನೆ?’ ಎಂದು
ಪೆನ್ಸಿಲಿನಲ್ಲಿ ಗೀಚಿಕೊಂಡೆ.
ಮುಂದಿನ ವರ್ಷಕ್ಕೂ ಇದೇ ಇರಲಿ.
ಜೆರಾಕ್ಸಿನವನಿಗೆ ಇನ್ನೂ ಎಂಬತ್ತನಾಲ್ಕು ರೂಪಾಯಿ ಬಾಕಿ.