ನಗುವಿಗೆ ಬಿಟ್ಟ ಜಾಗ

ನ್ಯೂಫೌಂಡ್‌ಲ್ಯಾಂಡಿನ ನಕಾಶೆಯಲ್ಲಿ ನಮ್ಮೂರಿನ ಹೆಸರು
ಊರಿಗಿಂತ ಉದ್ದ.
ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು.
ಶಾಲೆ ಬಿಟ್ಟ ಮೇಲೂ ಉಳಿಯುವ ಹನ್ನೊಂದು ಮಕ್ಕಳು,
ಒಂದು ಎಣ್ಣೆ ಒಲೆ,
ಒಲೆಯ ಕಂಬಿಗೆ ಒಣಹಾಕಿದ ಇಪ್ಪತ್ತೊಂದು ಕೈಗವಸು.
ಒಂದು ಯಾವಾಗಲೂ ಕಳೆದಿರುತ್ತದೆ.

ಪ್ರತಿ ಕ್ರಿಸ್‌ಮಸ್ಸಿಗೂ ಒಂದು ನಗೆನಾಟಕ ನಾನೇ ಬರೆಯುತ್ತೇನೆ.
ದೊಡ್ಡದೇನಲ್ಲ. ಈ ಸಲ:
ಪಾದ್ರಿ ಊಟಕ್ಕೆ ಬರುತ್ತಾರೆ; ಕೊಯ್ಯಬೇಕಾದ ಹೆಬ್ಬಾತಿಗೆ
ಅಡುಗೆಯವಳು ಹೆಸರಿಟ್ಟುಬಿಟ್ಟಿದ್ದಾಳೆ.
ಹೆಬ್ಬಾತು, ಎಬನ್ ಸ್ಟಕ್ಲೆಸ್. ಅವನ ಕೊಕ್ಕು
ಅಪ್ಪನ ಹಳದಿ ರಬ್ಬರ್ ಬೂಟು ಕತ್ತರಿಸಿ ಮಾಡಿದ್ದು,
ಮೀನಿನ ವಾಸನೆ ಇನ್ನೂ ಬಿಟ್ಟಿಲ್ಲ.
ಪಾದ್ರಿ ಲೀಯಾಂಡರ್, ಹೊಟ್ಟೆಗೆ ಎರಡು ದಿಂಬು.
ಅಡುಗೆಯವಳು ನಾಲ್ಕನೇ ತರಗತಿಯ ಡಲ್ಸಿ:
ಮಾತು ಶುರುವಾದರೆ ಹಿಮದ ಇಳಿಜಾರಿಗೆ ಬಿಟ್ಟ ಜಾರುಬಂಡಿ.

ಮಾತು ಇಷ್ಟೇ:
"ಊಟಕ್ಕೆ ಹೆಬ್ಬಾತು ಇರುತ್ತೆ ತಾನೆ?"
"ಇರುತ್ತೆ ಸ್ವಾಮಿ, ಅದಕ್ಕೂ ಒಂದು ತಟ್ಟೆ ಹಾಕಿದೀನಿ."

"ಇಲ್ಲಿ ನಿಲ್ಲು ಡಲ್ಸಿ."
"ಯಾಕೆ ಟೀಚರ್?"
"ಜನ ನಗುತ್ತಾರೆ."
ಅವಳು ಖಾಲಿ ಬೆಂಚುಗಳತ್ತ ನೋಡಿದಳು.
"ಎಲ್ಲಿ?"

ಹೇಗೆ ಕಲಿಸುವುದು ಇದನ್ನು.
ಮಾತು ಕಲಿಸಬಹುದು, ಮುಗ್ಗರಿಸಿ ಬೀಳುವುದನ್ನು ಕಲಿಸಬಹುದು,
ಹಿಟ್ಟಿನ ಡಬ್ಬಿ ಪಾದ್ರಿಯ ತಲೆಗೇ ಬೀಳುವಂತೆ
ದಾರ ಕಟ್ಟಬಹುದು;
ಇನ್ನೂ ಹುಟ್ಟದ ನಗುವಿಗೆ ಜಾಗ ಬಿಡುವುದನ್ನು?
ಕಿಟಕಿಯಾಚೆ ದೋಣಿಗಳು ಬೋರಲಾಗಿ ಹಿಮ ಹೊದ್ದು ಮಲಗಿದ್ದವು.
"ಮೂರರವರೆಗೆ ಎಣಿಸು," ಎಂದೆ ಕೊನೆಗೆ,
"ಮನಸ್ಸಿನಲ್ಲಿ. ತುಟಿ ಅಲ್ಲಾಡಬಾರದು."
ಅಲ್ಲಾಡಿತು. ಎರಡು ವಾರ ಅಲ್ಲಾಡಿತು.

ಇಪ್ಪತ್ತೆರಡನೇ ತಾರೀಕು ರಾತ್ರಿ ಚರ್ಚಿನ ಹಾಲು ತುಂಬಿತ್ತು.
ಮುಂದಿನ ಸಾಲಿನಲ್ಲಿ ಡಲ್ಸಿಯ ಅಜ್ಜಿ ಥರ್ಜಾ:
ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ತನಗೆ ಬೇಕೆಂದಾಗ ಮಾತ್ರ.
ಹಿಟ್ಟಿನ ಡಬ್ಬಿ ಎರಡು ಮಾತು ಮೊದಲೇ ಬಿತ್ತು,
ಪಾದ್ರಿಯ ಬದಲು ಪಿಯಾನೋ ಮೇಲೆ.
ಜನ ನಕ್ಕರು. ನಗಬಾರದ ಕಡೆಯೆಲ್ಲ ನಕ್ಕರು.
ಆಮೇಲೆ ಆ ಮಾತು ಬಂತು.

"ಅದಕ್ಕೂ ಒಂದು ತಟ್ಟೆ ಹಾಕಿದೀನಿ."

ನಿಂತಳು.
ಒಂದು.
ಎರಡು.
ಮೂರು.

ಏನೂ ಇಲ್ಲ. ಯಾರೋ ಕೆಮ್ಮಿದರು.
ತೆರೆಯ ಸಂದಿಯಲ್ಲಿ ನಾನು
ಮುಂದಿನ ಸಾಲನ್ನು ನಾಲಿಗೆಯ ತುದಿಗೆ ತಂದುಕೊಂಡು,
ನನ್ನ ಕಡೆ ನೋಡು ಮಗು, ನೋಡು.
ಅವಳು ನೋಡಲಿಲ್ಲ. ತುಟಿ ಅಲ್ಲಾಡಲಿಲ್ಲ.
ಸೌಟು ಹಿಡಿದ ಕೈ ಕೂಡ.

"ಏನಂದಳು?"
ಅದು ಥರ್ಜಾ. ಗುಟ್ಟಾಗಿ ಕೇಳಿದೆನೆಂದೇ ಅವಳ ನಂಬಿಕೆ.
ಹೆಡ್ಲಿ ಮಾವ ಅವಳ ಬಲಗಿವಿಗೆ ಬಾಗಿ,
ಮಂಜಿನಲ್ಲಿ ಇನ್ನೊಂದು ದೋಣಿಯನ್ನು ಕೂಗುವ ದನಿಯಲ್ಲೇ
ಪಿಸುಗುಟ್ಟಿದ:
"ಬಾತಿಗೂ! ತಟ್ಟೆ! ಹಾಕಿದಾಳಂತೆ!"

ಥರ್ಜಾ ಯೋಚಿಸಿದಳು.
ಅವಳ ಹ್ಯಾಟಿನ ಪಿನ್ನು ಕೂಡ ಯೋಚಿಸುತ್ತಿರುವುದು ಕಾಣುತ್ತಿತ್ತು.
ಮೊದಲು ಭುಜ ಕುಲುಕಿತು, ಆಮೇಲೆ ಕುರ್ಚಿ,
ಆಮೇಲೆ ಹಳೇ ಮೋಟಾರು ದೋಣಿ
ಮೂರನೇ ಎಳೆತಕ್ಕೆ ಹತ್ತಿಕೊಂಡ ಹಾಗೆ
ಒಂದು ನಗು,
ಸಾಲಿನಿಂದ ಸಾಲಿಗೆ, ಬಾಗಿಲಿಗೊರಗಿ
ಈಗಲೋ ಆಗಲೋ ಹೊರಡಲಿದ್ದ ಗಂಡಸರವರೆಗೆ.
ಹೆಬ್ಬಾತೂ ನಕ್ಕಿತು. ನಗಬಾರದಿತ್ತು.
ಕೊಕ್ಕು ಕಳಚಿ ಪಾದ್ರಿಯ ಸೂಪಿಗೆ ಬಿತ್ತು.
ನಾನು ಅದನ್ನು ಬರೆದಿರಲಿಲ್ಲ.

ನಗು ಏರಿ, ಇಳಿದು,
ಇನ್ನೇನು ಆರಬೇಕು, ಕೂದಲೆಳೆಯಷ್ಟು ಮೊದಲು
ಡಲ್ಸಿ ಮುಂದಿನ ಮಾತಾಡಿದಳು.
ಅದನ್ನೂ ನಾನು ಕಲಿಸಿರಲಿಲ್ಲ.

ಪಿಯಾನೋ ಮೇಲಿನ ಹಿಟ್ಟು ಒರೆಸುತ್ತಾ ಕೇಳಿದೆ:
"ಎಷ್ಟರವರೆಗೆ ಎಣಿಸಿದೆ?"
"ಎಣಿಸಲಿಲ್ಲ ಟೀಚರ್.
ಅಜ್ಜಿ ಒಳ್ಳೇ ಕಿವಿ ತಿರುಗಿಸಿದ್ದು ಕಾಣ್ತು,
ಅದಕ್ಕೇ ನಿಂತೆ,"
ಎಂದವಳು ಬೆಂಚಿನಡಿ ಬಗ್ಗಿ
ಕೈಗವಸು ಹುಡುಕತೊಡಗಿದಳು.
ಒಂದೇ ಸಿಕ್ಕಿತು.