ಕೆಳತುಟಿಗೆ ಮೂರೂವರೆ ತಾಸು

"ಹಲ್ಲಿಗೆ ಒಂದು ತಾಸು, ಹೆಚ್ಚೆಂದರೆ ಒಂದೂವರೆ.
ತುಟಿಗೆ ಮಾತ್ರ ಮೂರು, ಮೂರೂವರೆ," ಎಂದರು
ಡಾಕ್ಟರ್ ಶಾಲ್ಮಲಿ ರೇವಣಕರ್, ಕೈಗವಸು ಕಳಚುತ್ತ.
ಔಷಧದ ಜೊತೆ ಚೂರು ಅಡ್ರಿನಲಿನ್ ಇರುತ್ತದಂತೆ,
ರಕ್ತನಾಳ ಬಿಗಿಹಿಡಿದು ಜೋಮನ್ನು ಹೋಗಗೊಡದಂತೆ.
ಹೆದರಿದಾಗ ನಮ್ಮೊಳಗೇ ಒಸರುವುದೂ ಅದೇ ಅಂತೆ.
"ಬಿಸಿ ಚಾ ಬೇಡ. ತುಟಿ ಕಚ್ಚಿಕೊಂಡೀರಿ,
ಗೊತ್ತೇ ಆಗುವುದಿಲ್ಲ."

ಹನ್ನೊಂದು ಐದಕ್ಕೆ ನನ್ನ ಬಸ್ಸು, ಕಾರವಾರ–ಅಂಕೋಲಾ.
ಸೀಟಿ ಊದಿದರೆ ಎಡಗಡೆಯಿಂದ ಗಾಳಿ ಸೋರಿತು,
ಜೊಲ್ಲೂ. ಡ್ರೈವರ್ ಕನ್ನಡಿಯಲ್ಲೇ ನಕ್ಕ.
ಬಾಗಿಲ ತಗಡು ಬಡಿದೆ, ಹೊರಡಲು ಎರಡು,
ನಿಲ್ಲಲು ಒಂದು.

ಬೈತಖೋಲ ಬರಲಿಲ್ಲ.
ಊರು ಬಂತು, ಹೆಸರು ಬರಲಿಲ್ಲ.
ಸುರಂಗದ ಸದ್ದಿನಲ್ಲಿ ಯಾರಿಗೂ ಕೇಳದಂತೆ
ಪ ಫ ಬ ಭ ಮ ಹೇಳಿ ನೋಡಿದೆ,
ಐದಕ್ಕೆ ಐದೂ ಗೈರುಹಾಜರು.
ಬಿಣಗಾ ಹೋಗಿ "ಇಣಗಾ" ಆಯಿತು.
ಅರಗಾ ಮಾತ್ರ ನೆಟ್ಟಗೆ ಬಂತು. ಚೆಂಡಿಯಾ ಬಂತು. ತೋಡೂರು.
ತುಟಿ ಕೇಳದ ಊರುಗಳು ಇಷ್ಟಿವೆ ಅಂತ
ಇಪ್ಪತ್ತೆರಡು ವರ್ಷ ಈ ದಾರಿ ತಿರುಗಿಯೂ ತಿಳಿದಿರಲಿಲ್ಲ.

ಹೆಂಗಸರಿಗೆ ಸೊನ್ನೆ ಟಿಕೆಟ್, ಅದಕ್ಕೆ ಮಾತು ಬೇಡ.
ಆದರೂ ಮೀನುಬುಟ್ಟಿಯ ಮಂಕಾಳಿ ಬಿಡಲಿಲ್ಲ:
"ಎಂತಾ ಕಂಡಕ್ಟರ್ರೇ, ದವಡೇಲಿ ಲಡ್ಡು ಇಟ್ಕಂಡ್ರಾ?"

ಅಮದಳ್ಳಿಯಲ್ಲಿ ಅಣ್ಣ ಹತ್ತಿದ.

ಏಂಡಿ ಬಲೆಯ ಪಾಲಿಗೆ ಮಾತು ನಿಂತು ಹನ್ನೊಂದು ವರ್ಷ.
ಹೆಸರು ಬುದವಂತ. ಈಗ ಕರೆಯಲಾರೆ,
ಮೊದಲೂ ಹೆಸರಿಡಿದು ಕರೆವಂತಿರಲಿಲ್ಲ.
ಹಿಂದಿನ ಸೀಟು. ನೆತ್ತಿಯ ಬೋಳು ಅಪ್ಪನದೇ.
"ಹಟ್ಟಿಕೇರಿ ಒಂದು" ಎಂದ, ಕಿಟಕಿಗೆ.
ಎಣಿಸಿ ತಂದ ಚಿಲ್ಲರೆ. ಬೆಚ್ಚಗಿತ್ತು.
ಬಸ್ಸು ಬರುವ ಮೊದಲಿಂದಲೂ ಮುಷ್ಟಿಯಲ್ಲೇ ಇತ್ತೇನೋ.

ನಾನು ಗಲ್ಲ ಮುಟ್ಟಿ ತೋರಿಸಿದೆ: ಇಂಜೆಕ್ಷನ್ನು,
ಮಾತಾಡಲಾಗದು, ಅದಕ್ಕೆ.
ಅವನು ತಲೆಯಾಡಿಸಿದ.
ಇಷ್ಟು ಒಳ್ಳೆಯ ನೆಪ
ಈ ಜನ್ಮದಲ್ಲಿ ನನಗೆ ಸಿಕ್ಕಿರಲಿಲ್ಲ.

ಅವರ್ಸಾ ಅರ್ಧ ಬಂತು.
"ಹಟ್ಟಿಕೇರಿ!" ಇಡೀ ಬಂತು, ಒಂದಕ್ಷರ ಮುಕ್ಕಾಗದೆ.
ಅವನು ಇಳಿದ. ತಗಡಿಗೆ ಎರಡು ಬಡಿದೆ.
ಬಸ್ಸು ಗೇರು ಬದಲಿಸುವಾಗ, ಸುಮ್ಮನೆ,
"ಅಣ್ಣ" ಎಂದು ನೋಡಿದೆ.
ಬಂತು.
ಆ ಮಾತಿಗೆ ತುಟಿಯೇ ತಾಗುವುದಿಲ್ಲ.

ವಾಪಸು ಬರುವಾಗ, ಒಂದೂವರೆಯ ಸುಮಾರಿಗೆ, ಅರಗಾದ ಹತ್ತಿರ
ಗದ್ದದಲ್ಲಿ ಇರುವೆ ಹರಿದ ಹಾಗೆ.
ತುಟಿ ಊದಿತ್ತು. ಬಾಯಲ್ಲಿ ಉಪ್ಪು,
ಬೆರಳಿಟ್ಟರೆ ಕೆಂಪು.
ಯಾವ ಸ್ಟಾಪಿನಲ್ಲಿ ಕಚ್ಚಿಕೊಂಡೆನೋ.
ಡಾಕ್ಟರ್ ಹೇಳಿಯೇ ಇದ್ದರು.

"ಬೈತಖೋಲ!" ಎಂದು ಕೂಗಿದೆ, ಬೇಕಾದ್ದಕ್ಕಿಂತ ಜೋರಾಗಿ.
ಇಳಿಯುವವರು ಯಾರೂ ಇರಲಿಲ್ಲ.