ಎಂಟನೆಯ ಮೊಳೆ

ಎರಡಕ್ಕೂ ಲಾಳ ಕಟ್ಟಿದವ ನಾನೇ.
ಗಾಂವಕರರ ಕೋತವಾಲ, ಕರಿ ಗಂಡು,
ಬೆಳಗಾವಿ ಸಾಂಗಲಿ ಗೆದ್ದು ಬಂದದ್ದು,
ಬಗ್ಗಿದರೆ ಸಾಕು, ನನ್ನ ಟೊಪ್ಪಿ ಕಚ್ಚುತ್ತಿತ್ತು.
ಇನಾಸನ ಮೊಗ್ರಿ, ಬೂದಿ ಬಣ್ಣದ ಹೆಣ್ಣು,
ವಾರವಿಡೀ ಜಟಕಾ, ಬಂದರಿನಿಂದ ಕಚೇರಿಗೆ, ಕಚೇರಿಯಿಂದ ಬಂದರಿಗೆ,
ಐತವಾರ ಮಾತ್ರ ಮರಳ ಮೇಲೆ ರಾಣಿ.
ಕಾಲು ಕೇಳಿದರೆ ತಾನೇ ಎತ್ತಿ ಕೊಡುತ್ತಿತ್ತು
ಮದರಂಗಿಗೆ ಕೈಯೊಡ್ಡಿದ ಹಾಗೆ.

ಆರು ತಿಂಗಳು ಕಾರವಾರ ಎರಡು ಪಾಲು.
ಅರ್ಧ ಗಡ್ಡ ಬಿಟ್ಟು
ಕ್ಷೌರದಂಗಡಿಯಿಂದ ಎದ್ದು ಹೋದವರಿದ್ದಾರೆ.
ಕೊನೆಗೆ ದಿನ ಗೊತ್ತಾಯಿತು:
ಅಮಾಸೆಯ ಮರುದಿನ, ಸಂಜೆಯ ದೊಡ್ಡ ಇಳಿತ,
ಕೋಡಿಬಾಗದ ಅಳಿವೆಯಿಂದ ಬೈತಕೋಲ ಗುಡ್ಡದ ಬುಡಕ್ಕೆ.

ಹಿಂದಿನ ರಾತ್ರಿ ಇನಾಸ ಲಾಟೀನು ಹಿಡಿದು ಬಂದ.
ಎಡ ಮುಂಗಾಲಿನ ಗೊರಸು ಕೂದಲೆಳೆಯಷ್ಟು ಬಿರಿದಿತ್ತು.
ಓಡಿಸಬೇಡ, ಅಂದೆ.
ಹೆಂಡತಿಯ ಬಳೆ ಇಟ್ಟಾಗಿದೆ ಬಾಬಾ, ಎಂಟೂ ಮೊಳೆ ಹೊಡಿ.
ಏಳು ಹೊಡೆದೆ.
ಎಂಟನೆಯ ತೂತು ಬಿರುಕಿನ ಮೇಲೇ ಬರುತ್ತಿತ್ತು,
ಮೇಣ ತುಂಬಿ ಒರೆಸಿದೆ. ಅವ ಎಣಿಸಲಿಲ್ಲ.
ಮೊಗ್ರಿ ನನ್ನತ್ತ ತಿರುಗಿ ನೋಡಿತು ಎಂದರೆ ಸುಳ್ಳು.
ಹುಲ್ಲು ತಿನ್ನುತ್ತಿತ್ತು.

ಓಟ ನಾನು ನೋಡಲಿಲ್ಲ,
ಮುಂದೆ ಜನ, ಜನರ ಹೆಗಲ ಮೇಲೆ ಜನ.
ಕೇಳಿದೆ.
ಒದ್ದೆ ಮರಳಲ್ಲಿ ಎಂಟು ಕಾಲೂ ನನ್ನ ಕಿವಿಗೆ ಬೇರೆ ಬೇರೆ.
ಮೊಗ್ರಿ ಮುಂದೆ, ಮೊಗ್ರಿ ಮುಂದೆ,
ಮೂರನೆಯ ಬಾವುಟದ ಹತ್ತಿರ
ಅದರ ತಾಳದಲ್ಲೊಂದು ಪೆಟ್ಟು ಮೆತ್ತಗಾಯಿತು.
ಮೇಲೆ ಕೂತ ಹಳಿಯಾಳದ ಸಿದ್ದಿ ಹುಡುಗ ಬಸ್ತ್ಯಾಂವನಿಗೂ ತಿಳಿದಿರಬೇಕು,
ಚಾಬೂಕು ಎಸೆದುಬಿಟ್ಟನಂತೆ.
ಆದರೂ ಓಡಿತು.
ಮೂಗಿನಳತೆಯಲ್ಲಿ ಕೋತವಾಲ.

ಪಟಾಕಿಯ ಹೊಗೆಯೊಳಗೆ ಆ ಹುಡುಗ
ಬಂದ ದಾರಿಯಲ್ಲೇ ಬಗ್ಗಿ ಬಗ್ಗಿ ಹುಡುಕುತ್ತ ಹೋದ.
ಭರತ ಬರುತ್ತಿತ್ತು.

ಎಂಟನೆಯದು ಇದ್ದಿದ್ದರೆ ಲಾಳ ನಿಲ್ಲುತ್ತಿತ್ತೋ
ಗೊರಸೇ ಸೀಳುತ್ತಿತ್ತೋ.
ಮೀನುಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ,
ಮೊಗ್ರಿಗೆ ಕೊನೆಯಲ್ಲಿ ದಮ್ಮು ಸಾಲಲಿಲ್ಲ.
ನಾನು ಬಂಗಡೆಯ ಕಿವಿರು ಎತ್ತಿ ನೋಡುತ್ತೇನೆ,
ದರ ಕೇಳುತ್ತೇನೆ.

ಹನ್ನೊಂದನೆಯ ವರ್ಷ ರಂಪಣಿ ಎಳೆದಾಗ ಬಲೆಗೆ ಬಂತು.
ಸಣ್ತಮ್ಮ ಹರಿಕಂತ್ರ ತಂದು ಕೊಟ್ಟ,
ತುಕ್ಕು ತಿಂದು, ಚಿಪ್ಪು ಹತ್ತಿ, ಅಂಗೈಗಿಂತ ಸಣ್ಣದು.
ಕುದುರೆ ಲಾಳ ಬಾಗಿಲಿಗೆ ಒಳ್ಳೇದಂತೆ, ಹೊಡೆದು ಕೊಡು.
ಯಾರದಿರಬಹುದು ಇದು?
ಯಾವುದೋ ಜಟಕಾದ್ದು, ಅಂದೆ.
ಏಳು ತೂತು ಹರಿದು ಅಗಲವಾಗಿದ್ದವು,
ಒಂದು ಮಾತ್ರ ನಾನು ಕೊರೆದಷ್ಟೇ ದುಂಡಗೆ.

ಹಲಸಿನ ಬಾಗಿಲು. ಗಟ್ಟಿ ಮರ.
ಎಂಟೂ ಮೊಳೆ ಹೊಡೆದೆ,
ಎಂಟನೆಯದನ್ನು ತಲೆ ಮುಳುಗುವ ತನಕ.
ಸಾಕು ಬಾಬಾ, ಸಾಕು, ಅನ್ನುತ್ತಿದ್ದ ಸಣ್ತಮ್ಮ.